‘ಹಾಕುವ ಮೊದಲು’ ಅಂದರೆ ಯಾವುದು ಮೊದಲು? ನಾಲ್ಕನೇ ತರಗತಿ ಮಕ್ಕಳಿಗೆ ಕ್ರಮದ ಪದ ಕಲಿಸುವುದು ಹೇಗೆ?

ನಾಲ್ಕನೇ ಕ್ಲಾಸಿನ ಟೀಚರ್, ನವಲಗುಂದ ಕಡೆ

ಎಲ್ಲರಿಗೂ ನಮಸ್ಕಾರ. ನವಲಗುಂದ ತಾಲ್ಲೂಕಿನ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ನಾನು ಅತಿಥಿ ಶಿಕ್ಷಕಿ. ಈ ವರ್ಷ ನಾಲ್ಕನೇ ತರಗತಿಗೆ ಕನ್ನಡ ಕಲಿಸುತ್ತಿದ್ದೇನೆ. 27 ಮಕ್ಕಳು. ಮೂರನೇ ತರಗತಿವರೆಗೆ ನಲಿ ಕಲಿಯಲ್ಲಿ ಕಾರ್ಡು, ಚಿತ್ರ, ಗುಂಪು ಅಂತ ಕಲಿತು ಬಂದವರು. ಈಗ ಉದ್ದನೆಯ ಪಾಠ ಕೈಗೆ ಬಂದಿದೆ, ಹಿಂದಿನ ತರಗತಿಯ ಕಲಿಕೆಯನ್ನು ನೆನಪಿಸುವ ಸೇತುಬಂಧದ ದಿನಗಳು ನಡೆಯುತ್ತಿವೆ.

ಕಳೆದ ವಾರ ‘ಮಾಡುವ ವಿಧಾನ’ ಓದಿಸೋಣ ಅಂತ ಬೋರ್ಡಿನ ಮೇಲೆ ಜೋಳದ ರೊಟ್ಟಿ ಮಾಡುವುದನ್ನು ಬರೆದೆ. ಎಲ್ಲರ ಮನೆಯಲ್ಲೂ ದಿನಾ ನಡೆಯುವ ಕೆಲಸ, ಸುಲಭ ಆಗುತ್ತದೆ ಅಂದುಕೊಂಡಿದ್ದೆ. ಅದರಲ್ಲಿ ಒಂದು ವಾಕ್ಯ: ‘ರೊಟ್ಟಿ ಹಾಕುವ ಮೊದಲು ಹಂಚು ಚೆನ್ನಾಗಿ ಕಾಯಿಸಿ.’ ಈಗ ಹೇಳಿ, ಯಾವ ಕೆಲಸ ಮೊದಲು ಮಾಡಬೇಕು ಅಂತ ಕೇಳಿ ಪಾಟಿ ಮೇಲೆ ಬರೆಯಿಸಿದೆ. 19 ಮಕ್ಕಳು ‘ರೊಟ್ಟಿ ಹಾಕುವುದು’ ಅಂತ ಬರೆದರು. ಅದರಲ್ಲಿ ಒಬ್ಬ ಹುಡುಗಿ ಇದ್ದಾಳೆ, ದಿನಾ ಬೆಳಿಗ್ಗೆ ಅವ್ವನ ಜೊತೆ ಒಲೆ ಮುಂದೆ ಕೂತು ರೊಟ್ಟಿಗೆ ನೀರು ಸವರಿ ಬರುವವಳು. ಅವಳೂ ಅದನ್ನೇ ಬರೆದಿದ್ದಳು. ನಿಮ್ಮ ಮನೆಯಲ್ಲಿ ಹೇಗೆ ಮಾಡುತ್ತೀರಿ ಅಂತ ಕೇಳಿದೆ. ‘ಮನ್ಯಾಗ ಮೊದಲ ಹಂಚು ಕಾಯಸ್ತೇವ್ರಿ ಟೀಚರ್. ಆದ್ರ ನೀವು ರೊಟ್ಟಿ ಹಾಕೂದು ಮೊದಲ ಅಂತ ಬರದೀರಲ್ರಿ’ ಅಂದಳು.

ಆ ಮಾತು ಕೇಳಿದಾಗಿನಿಂದ ಮನಸ್ಸಿಗೆ ಸಮಾಧಾನ ಇಲ್ಲ. ಗೊತ್ತಿರುವ ಕೆಲಸವನ್ನೇ ಬೋರ್ಡಿಗಾಗಿ ಉಲ್ಟಾ ಮಾಡಿದಳಲ್ಲ.

ಇದಕ್ಕೂ ಮುಂಚೆ ಎರಡು ದಿನ ನಾನು ಮೊದಲು, ನಂತರ, ಆಮೇಲೆ, ಬಳಿಕ, ತರುವಾಯ, ಕೊನೆಗೆ ಅಂತ ಪಟ್ಟಿ ಮಾಡಿ ಗೋಡೆಗೆ ಹಚ್ಚಿದ್ದೆ. ‘ಕ್ರಮ ಹೇಳುವ ಪದಗಳಿಗೆ ಗೆರೆ ಎಳೆಯಿರಿ’ ಅಂದರೆ ಎಲ್ಲರೂ ಸರಿಯಾಗಿ ಎಳೆಯುತ್ತಾರೆ, ತಪ್ಪೇ ಇಲ್ಲ. ಆದರೆ ಅದೇ ಪಾಠದ ಹಂತಗಳನ್ನು ಚೀಟಿಯಲ್ಲಿ ಬರೆದು ಜೋಡಿಸಿ ಅಂದರೆ ಅರ್ಧ ತರಗತಿ ತಪ್ಪು ಜೋಡಿಸುತ್ತದೆ. ಪದ ಗುರುತಿಸುವುದು ಬೇರೆ, ಪದ ಹೇಳಿದಂತೆ ಕೆಲಸವನ್ನು ಕಣ್ಣ ಮುಂದೆ ತಂದುಕೊಳ್ಳುವುದು ಬೇರೆ ಅಂತ ನನಗೆ ಈಗ ಅನಿಸುತ್ತಿದೆ. ಹಿರಿಯ ಶಿಕ್ಷಕರು ಯಾರಾದರೂ ಇದನ್ನು ಹೇಗೆ ಕಲಿಸಿದ್ದೀರಿ? ಮನೆಯಲ್ಲಿ ಮಕ್ಕಳಿಗೆ ಹೇಳಿಕೊಡುವವರೂ ಹೇಳಿ.

ಹಳೇ ಮಾಸ್ತರ, ಗದಗ

ಟೀಚರ್, ನಿಮ್ಮ ಆ ಹುಡುಗಿಯಿಂದಲೇ ಶುರು ಮಾಡೋಣ. ಅವಳಿಗೆ ಓದಲು ಬರುತ್ತದೆ, ರೊಟ್ಟಿ ಮಾಡಲೂ ಬರುತ್ತದೆ. ಅವಳು ಮಾಡಿದ ತಪ್ಪು ಒಂದೇ, ‘ಮೊದಲು’ ಅನ್ನುವ ಪದ ಯಾವುದರ ಪಕ್ಕ ಕೂತಿದೆಯೋ ಅದೇ ಮೊದಲು ಅಂದುಕೊಂಡಳು. ನಾವೇ ಹಾಗೆ ಕಲಿಸಿರುತ್ತೇವೆ. ಪಟ್ಟಿಯಲ್ಲಿ ‘ಮೊದಲು’ ಅಂದರೆ ಒಂದನೇ ಹಂತ ಅಂತ ಬರೆದಿರುತ್ತೇವೆ, ಅಲ್ವಾ?

ಕನ್ನಡದಲ್ಲಿ ‘ಮೊದಲು’ ಎರಡು ಕೆಲಸ ಮಾಡುತ್ತದೆ. ‘ಮೊದಲು ಹಂಚು ಕಾಯಿಸಿ’ ಅಂದಾಗ ಅದು ಒಂಟಿಯಾಗಿ ನಿಂತಿದೆ, ಮುಂದೆ ಬರುವ ಕೆಲಸವನ್ನು ತೋರಿಸುತ್ತದೆ. ‘ರೊಟ್ಟಿ ಹಾಕುವ ಮೊದಲು’ ಅಂದಾಗ ಅದು ‘ಹಾಕುವ’ ಅನ್ನುವುದರ ಬಾಲ ಹಿಡಿದುಕೊಂಡಿದೆ. ಬಾಲ ಹಿಡಿದ ಕೆಲಸ ಹಿಂದೆ ಉಳಿಯುತ್ತದೆ, ಆಚೆ ಇರುವ ಕೆಲಸ ಮುಂದೆ ಹೋಗುತ್ತದೆ. ನಾನು ಮಕ್ಕಳಿಗೆ ಹೇಳುತ್ತಿದ್ದದ್ದು ಇಷ್ಟೇ: ‘ಮೊದಲು’ ಕಂಡ ಕೂಡಲೇ ಗೆರೆ ಎಳೆಯಬೇಡಿ, ಅದರ ಎಡಗಡೆ ಯಾರಿದ್ದಾರೆ ನೋಡಿ. ಎಡಗಡೆ ‘-ವ’ ಅಂತ ಮುಗಿಯುವ ಪದ ಇದ್ದರೆ (ಹಾಕುವ, ಮಾಡುವ, ಬಿತ್ತುವ) ನಿಲ್ಲಿ, ಇನ್ನೊಮ್ಮೆ ಓದಿ. ‘ಮುಂಚೆ’, ‘ಮುನ್ನ’ ಎರಡಕ್ಕೂ ಇದೇ ಲೆಕ್ಕ.

ಇದನ್ನು ಮಕ್ಕಳನ್ನೇ ನಿಲ್ಲಿಸಿ ಮಾಡಿಸಿ. ಒಬ್ಬನ ಕೈಯಲ್ಲಿ ‘ರೊಟ್ಟಿ ಹಾಕು’ ಅನ್ನುವ ರಟ್ಟು, ಇನ್ನೊಬ್ಬಳ ಕೈಯಲ್ಲಿ ‘ಹಂಚು ಕಾಯಿಸು’. ನೀವು ವಾಕ್ಯ ಓದಿ, ಅವರಿಬ್ಬರೂ ಬಾಗಿಲ ಕಡೆ ಮುಖ ಮಾಡಿ ಸಾಲಾಗಿ ನಿಲ್ಲಲಿ. ಉಳಿದವರು ಸರಿಯೋ ತಪ್ಪೋ ಹೇಳಲಿ. ನಾಲ್ಕು ಸಲ ವಾಕ್ಯ ಬದಲಿಸಿ ಓದಿ: ‘ಹಂಚು ಕಾಯಿಸಿ ರೊಟ್ಟಿ ಹಾಕಿ’, ‘ಹಂಚು ಕಾದ ಮೇಲೆ ರೊಟ್ಟಿ ಹಾಕಿ’, ‘ರೊಟ್ಟಿ ಹಾಕುವ ಮೊದಲು ಹಂಚು ಕಾಯಿಸಿ’, ‘ಹಂಚು ಕಾಯುವ ತನಕ ರೊಟ್ಟಿ ಹಾಕಬೇಡಿ’. ವಾಕ್ಯ ನಾಲ್ಕು, ಆದರೆ ಇಬ್ಬರೂ ಜಾಗ ಬಿಟ್ಟು ಕದಲಬಾರದು. ಮಾತು ಹೇಗೆ ತಿರುಗಿದರೂ ಕೆಲಸದ ಸಾಲು ಒಂದೇ ಅಂತ ಮಕ್ಕಳಿಗೆ ಹೊಳೆಯುವುದು ಅಲ್ಲಿ. ಮೊದಲ ದಿನ ಮೂರನೇ ವಾಕ್ಯಕ್ಕೆ ಖಂಡಿತ ಜಾಗ ಬದಲಿಸುತ್ತಾರೆ. ಬಯ್ಯಬೇಡಿ, ಹಾಗಾದರೆ ಹಸಿ ರೊಟ್ಟಿ ತಣ್ಣಗಿನ ಹಂಚಿನ ಮೇಲೆ ಬಿತ್ತಲ್ಲ, ಏನಾಗುತ್ತದೆ ಅಂತ ಕೇಳಿ. ‘ಹತ್ಕೋತೈತ್ರಿ’ ಅಂತ ಅವರೇ ಹೇಳುತ್ತಾರೆ, ಹೇಳಿದವರೇ ಜಾಗ ಬದಲಿಸುತ್ತಾರೆ.

ಎರಡನೇ ತೊಡಕು ‘ಮೇಲೆ’. ‘ಹಂಚಿನ ಮೇಲೆ’ ಅಂದರೆ ಜಾಗ, ‘ಕಾದ ಮೇಲೆ’ ಅಂದರೆ ಹೊತ್ತು. ನಮ್ಮ ಕನ್ನಡದಲ್ಲಿ ಹೊತ್ತು ಹೇಳುವ ಪದಗಳಲ್ಲಿ ಎಷ್ಟೋ ಪದಗಳು ಜಾಗ ಹೇಳುವ ಪದಗಳೇ. ಮೇಲೆ, ಮುಂದೆ, ಹಿಂದೆ, ಒಳಗೆ. ಓಆರ್‌ಎಸ್ ಪೊಟ್ಟಣ ಇದ್ದರೆ ತರಗತಿಗೆ ತನ್ನಿ, ಒಂದು ಲೀಟರ್ ನೀರಿಗೆ ಕಲಸುವಂಥದ್ದು. ‘ಕಲಸಿದ 24 ಗಂಟೆಯೊಳಗೆ ಕುಡಿಯಬೇಕು’ ಅನ್ನುವಾಗ ‘ಒಳಗೆ’ ಅಂದರೆ ಯಾವ ಡಬ್ಬಿಯ ಒಳಗೂ ಅಲ್ಲ. ದೊಡ್ಡವರಿಗೆ ಇದು ತೊಡಕು ಅಂತ ಗೊತ್ತೇ ಆಗುವುದಿಲ್ಲ. ಒಂಬತ್ತು ವರ್ಷದ ಮಗು ಒಂದೊಂದೇ ಪದ ಬಿಡಿಸಿ ಓದುವಾಗ ಕಾಲಿಗೆ ತೊಡರುವುದು ಇಂಥದ್ದೇ.

ಮೂರನೆಯದು ಎಲ್ಲಕ್ಕಿಂತ ಮುಖ್ಯ, ನಿಮ್ಮ ಗೋಡೆಯ ಪಟ್ಟಿಯಲ್ಲಿ ಅದಕ್ಕೆ ಜಾಗವೇ ಇಲ್ಲ. ‘ಹಿಟ್ಟಿಗೆ ಎಸರು ಹಾಕಿ, ನಾದಿ, ಉಂಡೆ ಮಾಡಿ, ತಟ್ಟಿ.’ ಇದರಲ್ಲಿ ಒಂದಾದರೂ ಕ್ರಮದ ಪದ ಇದೆಯಾ? ಗೆರೆ ಎಳೆಯಿರಿ ಅಂದರೆ ಮಗು ಪೆನ್ಸಿಲ್ ಹಿಡಿದು ಸುಮ್ನೆ ಕೂರುತ್ತದೆ. ಆದರೆ ನಾಲ್ಕು ಹಂತ ಇವೆ, ಕ್ರಮ ಒಂಚೂರೂ ತಪ್ಪುವಂತಿಲ್ಲ. ಕ್ರಮ ಎಲ್ಲಿದೆ? ಕ್ರಿಯಾಪದದ ತುದಿಯಲ್ಲಿದೆ. ‘ಹಾಕಿ’ ಅಂದರೆ ಹಾಕಿ ಮುಗಿಸಿ, ಆಮೇಲೆ ಮುಂದಿನದು. ನಮ್ಮ ಅವ್ವಂದಿರು ಕೆಲಸ ಹೇಳಿಕೊಡುವುದೇ ಹೀಗೆ. ಯಾರೂ ‘ತರುವಾಯ ನಾದಬೇಕು’ ಅನ್ನುವುದಿಲ್ಲ.

ಇದರಲ್ಲಿ ಇನ್ನೊಂದು ಗಂಟು ಇದೆ. ‘ಹಾಕಿ’, ‘ತಟ್ಟಿ’ ಅಂದರೆ ಹಾಕಿದ ನಂತರ, ತಟ್ಟಿದ ನಂತರ ಅಂತಲೂ ಆಗುತ್ತದೆ, ಹಾಕಿರಿ, ತಟ್ಟಿರಿ ಅನ್ನುವ ಗೌರವದ ಅಪ್ಪಣೆಯೂ ಆಗುತ್ತದೆ. ಎರಡೂ ಒಂದೇ ರೂಪ. ಇಡು, ತೊಳೆ, ಬಿಡು ಇಂಥವುಗಳಲ್ಲಿ ಬೇರೆಬೇರೆ ಕಾಣುತ್ತದೆ: ಇಟ್ಟು, ಇಡಿ, ತೊಳೆದು, ತೊಳೆಯಿರಿ, ಬಿಟ್ಟು, ಬಿಡಿ. ಆದರೆ ಕಲಸು, ಕುದಿಸು, ಸೋಸು, ಹಾಕು, ಮುಚ್ಚು ಎಲ್ಲದರಲ್ಲೂ ಒಂದೇ. ‘ಮುಚ್ಚಳ ಮುಚ್ಚಿ ಕುದಿಸಿ’ ಅನ್ನುವುದನ್ನು ನನ್ನ ಒಬ್ಬ ವಿದ್ಯಾರ್ಥಿ ಎರಡು ಬೇರೆ ಕೆಲಸ ಅಂತ ಬಿಡಿಸಿ, ಮುಚ್ಚಳ ಮುಚ್ಚಿದ್ದಾಯಿತು, ಈಗ ತೆಗೆದು ಕುದಿಸಬೇಕು ಅಂದಿದ್ದ. ಅವನ ಮಟ್ಟಿಗೆ ಅದು ಸರಿಯಾದ ಓದೇ.

ಇದಕ್ಕೆ ನಾನು ಮಾಡುತ್ತಿದ್ದ ಉಪಾಯ ತುಂಬಾ ಸರಳ. ‘ಈ ವಾಕ್ಯವನ್ನು ನಿಮ್ಮ ತಮ್ಮನಿಗೆ ಹೇಳಿ’ ಅನ್ನುತ್ತಿದ್ದೆ. ತಮ್ಮನಿಗೆ ಯಾರೂ ‘ತಟ್ಟಿ’ ಅನ್ನುವುದಿಲ್ಲ, ‘ತಟ್ಟು’ ಅನ್ನುತ್ತಾರೆ. ‘ಎಸರು ಹಾಕಿ, ನಾದಿ, ಉಂಡೆ ಮಾಡಿ, ತಟ್ಟು.’ ನೋಡಿ, ಕೊನೆಯದೊಂದೇ ಬದಲಾಯಿತು. ಬದಲಾಗದೆ ಉಳಿದವೆಲ್ಲ ಅದಕ್ಕಿಂತ ಮೊದಲು ಮುಗಿಯಬೇಕಾದ ಕೆಲಸಗಳು. ‘ಮುಚ್ಚಳ ಮುಚ್ಚಿ ಕುದಿಸು’ ಅಂತ ತಮ್ಮನಿಗೆ ಹೇಳಿದ ಕೂಡಲೇ ಆ ಹುಡುಗನಿಗೆ ಮುಚ್ಚಳ ಮುಚ್ಚಿಯೇ ಇರುತ್ತದೆ ಅಂತ ಗೊತ್ತಾಯಿತು. ವ್ಯಾಕರಣದ ಹೆಸರು ಏನೂ ಬೇಡ, ತಮ್ಮ ಒಬ್ಬ ಇದ್ದರೆ ಸಾಕು.

ಇಬ್ಬರು ಮಕ್ಕಳ ತಾಯಿ, ಹುಬ್ಬಳ್ಳಿ

ಮಾಸ್ತರ್ರೀ, ತಮ್ಮನ ಉಪಾಯ ಈಗಲೇ ಮಗನ ಮೇಲೆ ನೋಡಿದೆ. ಅವನಿಗೆ ತಮ್ಮ ಇಲ್ಲ, ತಂಗಿಗೆ ಹೇಳಿದ. ಕೆಲಸ ಮಾಡಿತು.

ಟೀಚರ್, ನಾನು ಶಿಕ್ಷಕಿ ಅಲ್ಲ. ಆದರೆ ನಮ್ಮ ಮನೆಯಲ್ಲಿ ಇದು ನಡೆದಿದ್ದು ಗಿರ್ಮಿಟ್‌ನಿಂದ. ಮಗ ಐದನೇ ತರಗತಿ, ರಜೆಯಲ್ಲಿ ತಾನೇ ಗಿರ್ಮಿಟ್ ಮಾಡುತ್ತೇನೆ ಅಂತ ಹಟ ಹಿಡಿದ. ಒಗ್ಗರಣೆ ಕೆಲಸ ನನ್ನದು, ಉಳಿದದ್ದು ಅವನದು ಅಂತ ಒಪ್ಪಂದ. ಒಂದು ಹಾಳೆಯ ಮೇಲೆ ಬರೆದುಕೊಟ್ಟೆ. ಈರುಳ್ಳಿ, ಹಸಿಮೆಣಸಿನಕಾಯಿ ಒಗ್ಗರಣೆಗೆ ಹಾಕಿ, ಹುಣಸೆ ರಸ, ಬೆಲ್ಲ, ಉಪ್ಪು ಹಾಕಿ ಗೊಜ್ಜು ಕುದಿಸಿ. ಗೊಜ್ಜು ಆರಿದ ಮೇಲೆ ಚುರುಮುರಿ ಕಲಸಿ. ಪುಟಾಣಿ ಹಿಟ್ಟು ಹಾಕಿ. ಕೊನೆಗೆ ಹಸಿ ಈರುಳ್ಳಿ, ಕೊತ್ತಂಬರಿ, ಸೇವು ಉದುರಿಸಿ ಕೂಡಲೇ ತಿನ್ನಿ.

ಅವನು ‘ಆರಿದ ಮೇಲೆ’ ಅನ್ನುವುದನ್ನು ನೋಡಲೇ ಇಲ್ಲ. ಬಿಸಿ ಗೊಜ್ಜಿಗೆ ಚುರುಮುರಿ ಸುರಿದ, ಎಲ್ಲವೂ ಮೆತ್ತಗೆ ಗಂಜಿಯ ಹಾಗೆ ಆಯಿತು. ಎರಡನೇ ಸಲ ಗೊಜ್ಜು ಸರಿಯಾಗಿ ಆರಿಸಿದ, ಕಲಸಿದ, ಆದರೆ ಅಪ್ಪ ಆಫೀಸಿನಿಂದ ಬರಲಿ ಅಂತ ಅರ್ಧ ಗಂಟೆ ಮುಚ್ಚಿಟ್ಟ. ಮತ್ತೆ ಮೆತ್ತಗಾಯಿತು. ‘ಕೂಡಲೇ’ ಅನ್ನುವ ಪದ ಅವನಿಗೆ ಅವತ್ತು ಗೊತ್ತಾಯಿತು. ಮೂರನೇ ಸಲ ಹಾಳೆಯನ್ನು ಅಡುಗೆ ಕಟ್ಟೆಯ ಮೇಲೆ ಇಟ್ಟುಕೊಂಡು, ಒಂದೊಂದು ಸಾಲಿಗೂ ಬೆರಳಿಟ್ಟು ಓದಿ ಮಾಡಿದ. ಆ ಗಿರ್ಮಿಟ್ ನಿಜಕ್ಕೂ ಚೆನ್ನಾಗಿತ್ತು.

ಈಗ ಯಾವುದೇ ವಿಧಾನ ಓದುವಾಗಲೂ ಅವನೇ ಕೇಳುತ್ತಾನೆ, ಇದನ್ನು ಮುಂದೆ ಹಿಂದೆ ಮಾಡಿದರೆ ಏನು ಕೆಡುತ್ತದೆ ಅಂತ. ಒಲೆ ಬೇಡದಂತೆ ಮಾಡಬೇಕು ಅಂದರೆ ಗೊಜ್ಜು ಮನೆಯಿಂದ ಮಾಡಿಕೊಂಡು ಹೋಗಿ, ತರಗತಿಯಲ್ಲಿ ಕಲಸುವುದಷ್ಟೇ ಇಟ್ಟುಕೊಳ್ಳಿ. ಎರಡು ಬಟ್ಟಲು. ಒಂದರಲ್ಲಿ ಚುರುಮುರಿ ಮೊದಲೇ ಕಲಸಿ ಇಡಿ, ಇನ್ನೊಂದನ್ನು ತಿನ್ನುವಾಗ ಕಲಸಿ. ಎರಡನ್ನೂ ಬಾಯಿಗೆ ಹಾಕಿಕೊಂಡು ನೋಡಲಿ.

ಕನ್ನಡ ಟೀಚರ್, ಧಾರವಾಡ

ಎಲ್ಲ ಉತ್ತರ ಓದಿದೆ. ಮಾಸ್ತರ ಹೇಳಿದ್ದಕ್ಕೆ ನನ್ನ ಬಹಳಷ್ಟು ಒಪ್ಪಿಗೆ ಇದೆ, ಆದರೆ ಪಟ್ಟಿಯನ್ನು ಗೋಡೆಯಿಂದ ಕಿತ್ತುಹಾಕಬೇಡಿ ಅಂತ ಹೇಳಲೇಬೇಕು. ನಮ್ಮ ಕಡೆ ಮಕ್ಕಳು ಮಾತಾಡುವಾಗ ಮೊದಲ, ಆಮ್ಯಾಲೆ, ಮುಂದ ಇಷ್ಟೇ ಬಳಸುತ್ತಾರೆ. ‘ಮುಂದ ಏನಾತು’ ಅಂತ ಕೇಳುವ ಮಗುವಿಗೆ ಪುಸ್ತಕದಲ್ಲಿ ‘ತರುವಾಯ’ ಅಂತ ಬಂದರೆ ಅದು ಹೊಸ ಪದವೇ. ಮನೆಯಲ್ಲಿ ಯಾರೂ ಅನ್ನದ ಪದವನ್ನು ಶಾಲೆಯಲ್ಲಾದರೂ ಯಾರಾದರೂ ತೋರಿಸಬೇಕಲ್ಲ. ಪರೀಕ್ಷೆಯಲ್ಲಿ, ಮುಂದೆ ಯಾವುದಾದರೂ ಅರ್ಜಿಯ ಹಿಂದೆ ಬರೆದ ಸೂಚನೆಯಲ್ಲಿ, ಔಷಧದ ಡಬ್ಬಿಯ ಮೇಲೆ ಸಿಗುವುದು ಈ ಪುಸ್ತಕದ ಪದಗಳೇ.

ನನ್ನ ತರಗತಿಯಲ್ಲಿ ಪಟ್ಟಿ ಇದೆ, ಆದರೆ ಎರಡು ಸಾಲು. ಎಡಗಡೆ ಮಕ್ಕಳ ಮಾತು, ಬಲಗಡೆ ಪುಸ್ತಕದ ಮಾತು. ಆಮ್ಯಾಲೆ ಎದುರಿಗೆ ನಂತರ, ಬಳಿಕ, ತರುವಾಯ. ‘ಅಷ್ಟ್ರಾಗ’ ಎದುರಿಗೆ ಅಷ್ಟರಲ್ಲಿ. ಎಡಗಡೆಯದನ್ನು ಮಕ್ಕಳೇ ಹೇಳಬೇಕು, ನಾನು ಬರೆಯುತ್ತೇನೆ. ತಮ್ಮ ಮಾತು ಗೋಡೆಯ ಮೇಲೆ ಕಂಡರೆ ಅವರಿಗೆ ಎಷ್ಟು ಖುಷಿ ಅಂದರೆ, ಹೊಸ ಪದ ಸಿಕ್ಕಾಗ ತಾವೇ ಓಡಿ ಬಂದು ಇದು ಯಾವ ಸಾಲಿಗೆ ಅಂತ ಕೇಳುತ್ತಾರೆ.

‘ಅಷ್ಟರಲ್ಲಿ’ ಬಗ್ಗೆ ಒಂದು ಮಾತು. ‘ನೀರು ಕಾಯುವಷ್ಟರಲ್ಲಿ ಈರುಳ್ಳಿ ಹೆಚ್ಚಿಡಿ.’ ಇಲ್ಲಿ ಎರಡು ಕೆಲಸ ಒಟ್ಟಿಗೆ ನಡೆಯುತ್ತಿವೆ. ಹಂತ ಒಂದು, ಎರಡು ಅಂತ ಸಂಖ್ಯೆ ಹಾಕಿಸಿದರೆ ಮಗು ತಪ್ಪು ಕಲಿಯುತ್ತದೆ. ಇಂಥ ಕಡೆ ಎರಡು ಚೀಟಿಯನ್ನು ಒಂದರ ಕೆಳಗೆ ಒಂದು ಇಡದೆ ಅಕ್ಕಪಕ್ಕ ಇಡಿಸಿ.

ಇನ್ನು ಚೀಟಿ ಜೋಡಿಸುವ ಆಟದ ಬಗ್ಗೆ. ಚೀಟಿಯಲ್ಲೇ ‘ಮೊದಲು’, ‘ನಂತರ’, ‘ಕೊನೆಗೆ’ ಅಂತ ಬರೆದಿದ್ದರೆ ಮಗು ಕೆಲಸವನ್ನು ಓದುವುದೇ ಇಲ್ಲ, ಆ ಮೂರು ಪದ ನೋಡಿ ಜೋಡಿಸಿ ಕೂರುತ್ತದೆ. ಪದ ತೆಗೆದು ಕೊಡಿ. ಜೋಡಿಸಿದ ಮೇಲೆ ‘ಇದು ಅದಕ್ಕಿಂತ ಮೊದಲು ಅಂತ ಹೇಗೆ ಗೊತ್ತಾಯಿತು’ ಅಂತ ಕೇಳಿ, ಆಮೇಲೆ ಖಾಲಿ ಜಾಗಕ್ಕೆ ಪದ ಅವರೇ ಹಾಕಲಿ. ಹಾಗೆಯೇ, ಕೆಲವು ಹಂತಗಳಿಗೆ ಕ್ರಮವೇ ಇರುವುದಿಲ್ಲ. ಗಿರ್ಮಿಟ್‌ಗೆ ಈರುಳ್ಳಿ ಮೊದಲು ಹೆಚ್ಚಿದರೇನು, ಕೊತ್ತಂಬರಿ ಮೊದಲು ಹೆಚ್ಚಿದರೇನು. ಅಲ್ಲಿ ಮಗು ಹಿಂದೆ ಮುಂದೆ ಇಟ್ಟರೆ ತಪ್ಪು ಅನ್ನಬಾರದು. ನಾನೇ ಮೊದಲ ವರ್ಷಗಳಲ್ಲಿ ಹಾಗೆ ತಪ್ಪು ಹಾಕಿದ್ದೇನೆ, ಈಗ ನೆನೆದರೆ ಬೇಸರ ಆಗುತ್ತದೆ.

ಒಮ್ಮೆ ಆರನೇ ತರಗತಿ ಮಕ್ಕಳ ಜೊತೆ ಹುಬ್ಬಳ್ಳಿಯ ಬೆಂಗೇರಿಗೆ ಹೋಗಿದ್ದೆವು, ರಾಷ್ಟ್ರಧ್ವಜ ತಯಾರಿಸುವ ಖಾದಿ ಘಟಕಕ್ಕೆ. ನಮ್ಮ ಜಿಲ್ಲೆಯ ಗರಗದಲ್ಲಿ ಧ್ವಜದ ಖಾದಿ ನೇಯುತ್ತಾರೆ ಅಂತ ಮಕ್ಕಳಿಗೆ ಗೊತ್ತಿತ್ತು, ಬಟ್ಟೆ ಧ್ವಜ ಆಗುವುದು ಹೇಗೆ ಅಂತ ಗೊತ್ತಿರಲಿಲ್ಲ. ನೂಲು, ನೇಯ್ಗೆ, ಬಣ್ಣ, ಬಿಳಿ ಬಟ್ಟೆಯ ಮೇಲೆ 24 ಗೆರೆಗಳ ಚಕ್ರದ ಮುದ್ರಣ, ಮೂರು ಬಟ್ಟೆ ಸೇರಿಸಿ ಹೊಲಿಗೆ, ಕೊನೆಗೆ ಹಗ್ಗ ಕಟ್ಟುವುದು. ವಾಪಸ್ ಬಸ್ಸಿನಲ್ಲೇ ಒಬ್ಬಳು ಕೇಳಿದಳು, ಹೊಲಿದ ಮೇಲೆ ಚಕ್ರ ಹಾಕಿದರೆ ಆಗೋದಿಲ್ಲವಾ ಅಂತ. ಇಡೀ ದಾರಿ ಅದೇ ಚರ್ಚೆ. ಮುದ್ರಣ ಕೆಟ್ಟರೆ ಇಡೀ ಧ್ವಜ ಹಾಳು ಅಂತ ಒಬ್ಬ, ಚಕ್ರ ಎರಡೂ ಬದಿಗೆ ಒಂದೇ ಕಡೆ ಕೂಡಬೇಕಲ್ಲ, ಒಂದೇ ಬಟ್ಟೆ ಇದ್ದರೆ ಸುಲಭ ಅಂತ ಇನ್ನೊಬ್ಬ. ಮರುದಿನ ಬರೆದ ಬರಹಗಳಲ್ಲಿ ‘ಹೊಲಿಯುವ ಮೊದಲು ಚಕ್ರ ಮುದ್ರಿಸುತ್ತಾರೆ, ಏಕೆಂದರೆ’ ಅಂತ ಎಷ್ಟೋ ಮಕ್ಕಳು ಬರೆದಿದ್ದರು. ‘ಹೊಲಿಯುವ ಮೊದಲು’ ಅಂತ ಬರೆಯಿರಿ ಅಂತ ನಾನು ಹೇಳಿಕೊಟ್ಟಿರಲಿಲ್ಲ.

ಸೋಯಾ ರೈತ, ಶಿಗ್ಗಾವಿ

ಶಾಲೆಯ ವಿಷಯದಲ್ಲಿ ನಾನು ಬಾಯಿ ಹಾಕಬಹುದೋ ಇಲ್ಲವೋ, ಆದರೆ ಇದು ನಮ್ಮ ಹೊಲಕ್ಕೂ ಸಂಬಂಧಪಟ್ಟ ಮಾತು.

ಈ ವಾರ ಸೋಯಾ ಬಿತ್ತನೆ. ಬೀಜೋಪಚಾರಕ್ಕೆ ತಂದ ಪೊಟ್ಟಣಗಳ ಮೇಲಿನ ಸೂಚನೆಯನ್ನು ಮಗಳ ಕೈಯಿಂದ ಓದಿಸಿದೆ, ಅವಳು ಐದನೇ ತರಗತಿ. ಪೊಟ್ಟಣ ಮುಟ್ಟಿಸಲಿಲ್ಲ, ನಾನು ಹಿಡಿದೆ, ಅವಳು ಓದಿದಳು. ಬೀಜಕ್ಕೆ ಮೊದಲು ಶಿಲೀಂಧ್ರನಾಶಕ, ಆಮೇಲೆ ಕೀಟನಾಶಕ, ಎಲ್ಲಕ್ಕಿಂತ ಕೊನೆಗೆ ರೈಜೋಬಿಯಂ. ಯಾಕೆ ಅಂದರೆ ರೈಜೋಬಿಯಂ ಜೀವ ಇರುವ ಅಣುಜೀವಿ. ಅದನ್ನು ಮೊದಲೇ ಹಚ್ಚಿ, ಅದರ ಮೇಲೆ ಔಷಧ ಸುರಿದರೆ ಅದು ಸಾಯುತ್ತದೆ, ಬೇರಿನಲ್ಲಿ ಗಂಟು ಕಟ್ಟುವುದಿಲ್ಲ, ದುಡ್ಡು ಹೋದ ಹಾಗೆ. ನನಗೆ ಇದು ಗೊತ್ತಾಗಿದ್ದು ಒಂದು ವರ್ಷ ಉಲ್ಟಾ ಮಾಡಿದ ಮೇಲೆ. ಆ ವರ್ಷ ಗಿಡ ಕಿತ್ತು ನೋಡಿದರೆ ಬೇರಿನಲ್ಲಿ ಗಂಟು ಹುಡುಕಿದರೂ ಸಿಗುವಂತಿರಲಿಲ್ಲ.

ಮಗಳು ಒಂದು ಕಡೆ ನಿಂತಳು. ‘ಬೆಲ್ಲದ ನೀರು ಕುದಿಸಿ ಆರಿಸಿ’ ಅಂತ ಒಂದು ಸಾಲು, ‘ಬೀಜವನ್ನು ನೆರಳಲ್ಲಿ ಆರಿಸಿ ಬಿತ್ತಿ’ ಅಂತ ಇನ್ನೊಂದು. ಬೀಜವನ್ನು ಆರಿಸಿ ಅಂದರೆ ಒಳ್ಳೆ ಬೀಜ ಒಂದೊಂದೇ ಹೆಕ್ಕಬೇಕಾ ಅಪ್ಪಾ ಅಂದಳು. ಅವಳ ಮಾತೂ ಸರಿಯಲ್ಲ ಅನ್ನುವಂತಿಲ್ಲ. ನೀರು ಆರಿಸುವುದು, ಬೀಜ ಆರಿಸುವುದು, ದೀಪ ಆರಿಸುವುದು, ಕಾಳು ಆರಿಸುವುದು, ಎಲ್ಲಕ್ಕೂ ಒಂದೇ ಪದ. ‘ನೆರಳಲ್ಲಿ’ ಅನ್ನುವುದನ್ನು ಮತ್ತೆ ಓದಿ, ಹೆಕ್ಕುವುದಕ್ಕೆ ನೆರಳು ಯಾಕೆ ಬೇಕು ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ‘ಒಣಗ್ಸೂದು’ ಅಂದಳು.

ನನಗೆ ಅನಿಸುವುದು ಇಷ್ಟು ಟೀಚರ್. ಮಕ್ಕಳ ಮನೆಯಲ್ಲಿ ಬರುವ ಪೊಟ್ಟಣ, ಡಬ್ಬಿ, ಔಷಧದ ಚೀಟಿ, ಅವುಗಳ ಮೇಲಿನ ಮಾತನ್ನು ಕಾಗದದಲ್ಲಿ ಬರೆದು ತರಲು ಹೇಳಿ. ನಮ್ಮಂಥವರ ಮನೆಯಲ್ಲಿ ಅದನ್ನು ಸರಿಯಾಗಿ ಓದಿ ಹೇಳುವವರು ಈಗ ಮಕ್ಕಳೇ. ಅವರು ಕ್ರಮ ತಪ್ಪಿ ಓದಿದರೆ ನಾವು ಕ್ರಮ ತಪ್ಪಿ ಮಾಡುತ್ತೇವೆ.

ಹಳೇ ಮಾಸ್ತರ, ಗದಗ

ಶಿಗ್ಗಾವಿಯವರೇ, ನಿಮ್ಮ ಮಗಳು ನಿಂತ ಜಾಗ ಬಹಳ ಒಳ್ಳೆಯ ಜಾಗ. ನಿಲ್ಲದೆ ಓದಿಕೊಂಡು ಹೋಗುವ ಮಗುವಿನ ಬಗ್ಗೆ ನನಗೆ ಜಾಸ್ತಿ ಚಿಂತೆ.

ಧಾರವಾಡದ ಮೇಡಂ, ಎರಡು ಸಾಲಿನ ಪಟ್ಟಿ ನಾನು ಯೋಚಿಸಿರಲೇ ಇಲ್ಲ. ಪಟ್ಟಿ ಬೇಡ ಅನ್ನುವ ಹಾಗೆ ನಾನು ಬರೆದಿದ್ದರೆ ಅದನ್ನು ತಿದ್ದಿಕೊಳ್ಳುತ್ತೇನೆ.

ಇನ್ನೊಂದು ನೆನಪಾಯಿತು. ಬೇಕಾಗುವ ಸಾಮಾನಿನ ಪಟ್ಟಿಯಲ್ಲಿ ಅಡಗಿರುವ ಹಂತಗಳು. ಶೇಂಗಾ ಚಟ್ನಿ ಅಂತ ಇಟ್ಟುಕೊಳ್ಳಿ. ‘ಹುರಿದು ಸಿಪ್ಪೆ ತೆಗೆದ ಶೇಂಗಾ ಒಂದು ಬಟ್ಟಲು’ ಅಂತ ಮೊದಲ ಸಾಲು. ಮಾಡುವ ವಿಧಾನ ಶುರುವಾಗುವುದೇ ‘ಶೇಂಗಾ, ಬೆಳ್ಳುಳ್ಳಿ, ಖಾರ, ಉಪ್ಪು ಹಾಕಿ ಕುಟ್ಟಿ’ ಅಂತ. ಹುರಿಯುವುದು, ಸಿಪ್ಪೆ ತೆಗೆಯುವುದು ಎರಡೂ ಎಲ್ಲೂ ಹಂತವಾಗಿ ಬರಲೇ ಇಲ್ಲ. ಹುರಿದ, ನೆನೆಸಿದ, ಹೆಚ್ಚಿದ, ಸೋಸಿದ, ಇಂಥ ಪದ ಕಂಡರೆ ‘ಇದನ್ನು ಯಾವಾಗ ಮಾಡಿದರು’ ಅಂತ ಕೇಳಿ. ‘ರಾತ್ರಿ ನೆನೆಸಿದ ಹೆಸರುಕಾಳು’ ಅಂತ ಇದ್ದರೆ ಆ ಕೆಲಸ ನಿನ್ನೆಯೇ ಶುರುವಾಗಬೇಕಿತ್ತು. ಇದಕ್ಕೇ ನಾನು ಯಾವುದೇ ವಿಧಾನವನ್ನು ಕೈ ಹಾಕುವ ಮುಂಚೆ ಕೊನೆಯವರೆಗೆ ಒಂದು ಸಲ ಓದಿಸುತ್ತಿದ್ದೆ.

ನಾಲ್ಕನೇ ಕ್ಲಾಸಿನ ಟೀಚರ್, ನವಲಗುಂದ ಕಡೆ

ಎಲ್ಲರಿಗೂ ತುಂಬಾ ಧನ್ಯವಾದ. ಹತ್ತು ದಿನ ಆದ ಮೇಲೆ ಬರೆಯುತ್ತಿದ್ದೇನೆ, ಮಾಡಿ ನೋಡಿ ಬರೆಯಬೇಕು ಅಂತ ಕಾದೆ.

ರಟ್ಟು ಹಿಡಿದು ನಿಲ್ಲುವ ಆಟ ಮೂರು ದಿನ ಆಡಿಸಿದೆ. ಮಾಸ್ತರ ಹೇಳಿದ ಹಾಗೆಯೇ ಮೊದಲ ದಿನ ‘ಹಾಕುವ ಮೊದಲು’ ಬಂದಾಗ ಇಬ್ಬರೂ ಓಡಿ ಜಾಗ ಬದಲಿಸಿದರು. ಮೂರನೇ ದಿನ ನಾನು ಬೇಕಂತಲೇ ಬೇಗಬೇಗ ಓದಿದರೂ ಕದಲಲಿಲ್ಲ. ತಮ್ಮನಿಗೆ ಹೇಳುವ ಉಪಾಯ ಎಲ್ಲರಿಗೂ ಒಂದೇ ದಿನದಲ್ಲಿ ಬಂತು. ‘ಅಷ್ಟರಲ್ಲಿ’ ಇನ್ನೂ ಕಷ್ಟ, ಅಕ್ಕಪಕ್ಕ ಇಡಬೇಕಾದ ಚೀಟಿಯನ್ನು ಇನ್ನೂ ಎಂಟು ಹತ್ತು ಮಕ್ಕಳು ಕೆಳಗೇ ಇಡುತ್ತಾರೆ.

ನಮ್ಮ ಶಾಲೆಯ ಅಡುಗೆ ಅಕ್ಕನನ್ನೂ ಒಂದು ದಿನ ತರಗತಿಗೆ ಕರೆದೆ. ಕ್ಷೀರಭಾಗ್ಯದ ಹಾಲು 2013ರಿಂದ ಶಾಲೆಗಳಲ್ಲಿ ಇದೆ, ಈ ಮಕ್ಕಳು ಒಂದನೇ ತರಗತಿಯಿಂದ ಕುಡಿಯುತ್ತಿದ್ದಾರೆ, ಪುಡಿಯಿಂದ ಹಾಲು ಆಗುವುದು ಹೇಗೆ ಅಂತ ಒಬ್ಬರೂ ನೋಡಿರಲಿಲ್ಲ. ಅಕ್ಕ ಹೇಳಿದ್ದು ಹೀಗೆ: ‘ಕುದಿಯೂ ನೀರಿಗೆ ಪುಡಿ ಸುರದ್ರ ಗಂಟು ಆಗ್ತಾವ. ಮೊದಲ ಉಗರ ಬೆಚ್ಚಗಿನ ನೀರಾಗ ಕಲಸ್ಕೋಬೇಕು, ಆಮ್ಯಾಲೆ ಕುದಿಸ್ಬೇಕು.’ ಮಕ್ಕಳು ಇದನ್ನು ಪುಸ್ತಕದ ಕನ್ನಡದಲ್ಲಿ ಬರೆದರು. ಎಡಗಡೆ ಅಕ್ಕನ ಮಾತು, ಬಲಗಡೆ ತಮ್ಮ ಮಾತು, ಧಾರವಾಡದ ಮೇಡಂ ಹೇಳಿದ ಹಾಗೆ ಎರಡು ಸಾಲು. ಅಕ್ಕ ತನ್ನ ಮಾತು ಗೋಡೆಯ ಮೇಲೆ ನೋಡಿ ಎರಡು ಸಲ ಓದಿಸಿಕೊಂಡರು.

ಆಮೇಲೆ ಮಣ್ಣೆತ್ತಿನ ಅಮಾವಾಸ್ಯೆ ಬಂತು. ಅವತ್ತಿಗೆ ಮುಂಚೆ ತರಗತಿಯಲ್ಲೇ ಎತ್ತು ಮಾಡಿದೆವು. ನಮ್ಮೂರಿನದು ಎರೆಮಣ್ಣು, ಒಣಗುವಾಗ ಬಿರುಕು ಬಿಡುವುದು ಜಾಸ್ತಿ. ಓದಲು ಕೊಡದೆ, ಮಾಡಿ ಮುಗಿಸಿದ ಮೇಲೆ ನೀವೇ ವಿಧಾನ ಬರೆಯಿರಿ, ಐದನೇ ತರಗತಿಯವರು ಅದನ್ನು ಓದಿ ಎತ್ತು ಮಾಡುತ್ತಾರೆ ಅಂದೆ. ಇಬ್ಬರು ಹುಡುಗರು ಎತ್ತಿನ ಮೈ ಮಾಡಿ ಬಿಸಿಲಿಗಿಟ್ಟು ಊಟಕ್ಕೆ ಹೋದರು, ಬಂದು ಕೊಂಬು ಹಚ್ಚಲು ನೋಡಿದರೆ ಅಂಟಲಿಲ್ಲ, ಮೈಯೂ ಬಿರಿದಿತ್ತು. ಅವರ ವಿಧಾನದಲ್ಲಿ ‘ಮೈ ಒಣಗುವ ಮುಂಚೆ ಕೊಂಬು ಹಚ್ಚಿ, ಹಚ್ಚಿದ ಮೇಲೆ ನೆರಳಲ್ಲಿ ಆರಿಸಿ’ ಅಂತ ಇತ್ತು. ‘ಮುಂಚೆ’ ಪದಕ್ಕೆ ಎರಡು ಗೆರೆ ಎಳೆದಿದ್ದರು.

ಆ ರೊಟ್ಟಿ ಹುಡುಗಿ ಬರೆದದ್ದನ್ನು ಇಲ್ಲಿ ಹಾಗೇ ಹಾಕುತ್ತೇನೆ. ‘ಮೊದಲು ಮಣ್ಣಿನಲ್ಲಿ ಕಲ್ಲು ಇದ್ದರೆ ತೆಗೆಯಿರಿ. ನೀರು ಹಾಕಿ ನಾದಿ. ಬಹಳ ನೀರು ಹಾಕುವ ಮೊದಲು ಕೈಯಲ್ಲಿ ಹಿಡಿದು ನೋಡಿ. ಮೈ ಮಾಡಿ. ಕಾಲು ಹಚ್ಚಿ. ಹಸಿ ಇರುವಾಗಲೇ ಕೊಂಬು, ಕಿವಿ, ಬಾಲ ಹಚ್ಚಿ. ಒಣಗಿದ ಮೇಲೆ ಹಚ್ಚಬೇಡಿ, ಬೀಳುತ್ತದೆ. ಕೊನೆಗೆ ಪೂಜೆ ಮಾಡಿ.’

ಐದನೇ ತರಗತಿಯವರು ಅದನ್ನು ಓದಿ ಮಾಡಿದ ಎತ್ತಿನ ಜೋಡಿ ಈಗ ನಮ್ಮ ಕಿಟಕಿಯಲ್ಲಿ ಇದೆ. ಒಂದೇ ದೂರು ಬಂತು. ಪೂಜೆಗಿಂತ ಮೊದಲು ಕಣ್ಣಿಗೆ ಜೋಳ ಹಚ್ಚಬೇಕು ಅಂತ ಅವಳು ಬರೆದಿರಲಿಲ್ಲವಂತೆ. ಅವಳು ಹಾಳೆ ವಾಪಸ್ ಇಸಿದುಕೊಂಡು, ‘ಬಾಲ ಹಚ್ಚಿ’ ಅನ್ನುವುದರ ಪಕ್ಕ ಸಣ್ಣದಾಗಿ ಅದನ್ನು ಸೇರಿಸಿ ಕೊಟ್ಟಳು.